ಪೋರ ಮುಳುಗದ ಜಾಗ

ನಮ್ಮ ಮನೆಯ ಟಿವಿ ಗೇಮ್ ಮಲ್ಲಾಪುರದಿಂದ ಬಂದದ್ದು. ಅಲ್ಲಿಯ ಅಣುವಿದ್ಯುತ್ ಸ್ಥಾವರದವರ ಕ್ವಾರ್ಟರ್ಸಿನ ಕ್ಯಾಂಟೀನಿನಲ್ಲಿ ನಮ್ಮ ಸೋದರಮಾವ ಕೆಲಸಕ್ಕಿದ್ದ. ಕ್ವಾರ್ಟರ್ಸಿನವರಿಗೆ ವರ್ಗವಾದಾಗಲೆಲ್ಲ ಅವರು ಬಿಟ್ಟುಹೋಗುವ ಕಾಲು ಮುರಿದ ಕುರ್ಚಿ, ಹಿಡಿಕೆ ಇಲ್ಲದ ಕುಕ್ಕರು, ಯಾರದೋ ಮಗುವಿನ ಮೂರು ಚಕ್ರದ ಸೈಕಲ್ಲು, ಎಲ್ಲವೂ ಮಾವನ ಕೈ ಹಾಯ್ದು ಭಾವಿಕೇರಿ ಹತ್ತಿರದ ನಮ್ಮ ಮೀನುಗಾರರ ಕೇರಿಗೆ ಬಂದು ಸೇರುತ್ತಿದ್ದವು. ಎರಡು ಸಾವಿರದ ಇಸವಿಯ ಆಸುಪಾಸಿನ ಒಂದು ಮಳೆಗಾಲದಲ್ಲಿ ಬಂದದ್ದು ಈ ಆಟದ ಪೆಟ್ಟಿಗೆ. ನನಗೂ ಅಣ್ಣನಿಗೂ ಅಂಥ ಸಂಪತ್ತು ಅದಕ್ಕೂ ಮೊದಲು ಬಂದಿರಲಿಲ್ಲ, ಆಮೇಲೂ ಬರಲಿಲ್ಲ.

ಕ್ಯಾಸೆಟ್ಟಿನ ಮೇಲೆ ಸಾವಿರಗಟ್ಟಲೆ ಆಟ ಎಂದು ಅಚ್ಚು ಹಾಕಿತ್ತು. ಒಳಗೆ ನೋಡಿದರೆ ನಾಲ್ಕೈದೇ, ಅವೇ ಬೇರೆ ಬೇರೆ ನಂಬರು ಹಾಕಿಕೊಂಡು ಮತ್ತೆ ಮತ್ತೆ ಬರುತ್ತಿದ್ದವು. ಸತ್ಯದ ತಲೆಯ ಮೇಲೆ ಹೊಡೆದಂಥ ಸುಳ್ಳು. ಆದರೆ ಆ ನಾಲ್ಕೈದರಲ್ಲಿ ಒಂದು ನಮಗೆ ಸಾಕಾಗಿತ್ತು. ಗಿಡ್ಡನೆಯ ಒಬ್ಬ ಹುಡುಗ ಪರದೆಯ ಎಡಗಡೆಯಿಂದ ಬಲಗಡೆಗೆ ಓಡುತ್ತಾನೆ, ಕಲ್ಲಿನಿಂದ ಕಲ್ಲಿಗೆ ಹಾರುತ್ತಾನೆ, ಹಕ್ಕಿ, ಏಡಿ, ಉರುಳುವ ಬಂಡೆಗಳನ್ನು ತಪ್ಪಿಸಿಕೊಳ್ಳುತ್ತಾನೆ. ನಾವು ಅವನನ್ನು ಪೋರ ಎಂದೇ ಕರೆಯುತ್ತಿದ್ದೆವು. ಪೋರನಿಗೆ ಆಟಕ್ಕೆ ಮೂರು ಜೀವ. ಮೂರೂ ಹೋದರೆ ಮತ್ತೆ ಮೊದಲಿನಿಂದ ಶುರು.

ಮಳೆಗಾಲದಲ್ಲಿ ಬೋಟುಗಳೆಲ್ಲ ಬಂದ್ ಆಗಿ ದಡದಲ್ಲಿರುತ್ತವೆ. ಅಪ್ಪ ಒಳಗೆ ಕುಳಿತು ಬಲೆ ಹೊಲಿಯುತ್ತ ನಮ್ಮ ಆಟ ನೋಡುತ್ತಿದ್ದ. ಏಡಿ ಮುಟ್ಟಿದರೆ ಪೋರ ಸಾಯುತ್ತಾನೆ ಎಂಬುದೇ ಅವನಿಗೆ ದೊಡ್ಡ ತಮಾಷೆ. ಮೂರನೇ ಹಂತದಲ್ಲಿ ಕಲ್ಲುಗಳ ಕೆಳಗೆ ಅಲೆ ಅಲೆಯಾಗಿ ಏಳುವ ನೀರು ಬರುತ್ತಿತ್ತು. ಪೋರ ಕಾಲು ಜಾರಿ ಅದರೊಳಗೆ ಬಿದ್ದ ತಕ್ಷಣ ಕೈ ಮೇಲೆತ್ತಿ ಸತ್ತಾಗ ಅಪ್ಪ ಬಲೆ ಬಿಟ್ಟು ನಕ್ಕಿದ್ದ.

“ಇದೆಂತಾ ಪೋರನಾ ಮಾರಾಯಾ? ಏಡಿ ಮುಟ್ಟಿದ್ರೆ ಸಾಯೂದು, ನೀರಿಗೆ ಬಿದ್ರೆ ಸಾಯೂದು. ಘಟ್ಟದ ಮೇಲಿನಂವ ಇರ್ಬೇಕು!”

ನಗೆಯ ಮಾತಾದರೂ ನನಗೂ ಅಣ್ಣನಿಗೂ ಅದು ಮನಸ್ಸಿನಲ್ಲಿ ಕೂತುಬಿಟ್ಟಿತು. ನೀರಿಗೆ ಬಿದ್ದ ಕೂಡಲೇ ಯಾರಾದರೂ ಸಾಯುತ್ತಾರೆಯೇ? ನಮ್ಮ ಕೇರಿಯಲ್ಲಿ ನಡೆಯಲು ಬರುವ ಮುಂಚೆ ಈಜಲು ಬರುವ ಮಕ್ಕಳಿದ್ದವು. ಬಿದ್ದವನು ಮುಳುಗುತ್ತಾನೆ, ಮೇಲೆ ಬರುತ್ತಾನೆ, ಕೈಕಾಲು ಬಡಿಯುತ್ತಾನೆ. ಅಷ್ಟು ಹೊತ್ತಾದರೂ ಬೇಡವೇ? ಹಾಗಾಗಿ ಆ ನೀರಿನಲ್ಲಿ ಎಲ್ಲೋ ಒಂದು ಕಡೆ ಪೋರ ಸಾಯದ ಜಾಗ ಇರಲೇಬೇಕು, ಆಟ ಮಾಡಿದವರು ಅದನ್ನು ಅಡಗಿಸಿಟ್ಟಿದ್ದಾರೆ ಎಂದು ಅಣ್ಣ ತೀರ್ಮಾನಿಸಿದ. ಬೇರೆ ಊರಿನ ಮಕ್ಕಳಾದರೆ ನೀರು ತಪ್ಪಿಸಿಕೊಂಡು ಮುಂದಿನ ಹಂತಕ್ಕೆ ಹೋಗುತ್ತಿದ್ದರು. ನಾವು ಮುಂದೆ ಹೋಗಲೇ ಇಲ್ಲ. ಇಡೀ ಮಳೆಗಾಲ ಪೋರನನ್ನು ನಾವಾಗಿಯೇ ನೀರಿಗೆ ಬೀಳಿಸುತ್ತ ಕುಳಿತೆವು. ಈ ಕಲ್ಲಿನ ಪಕ್ಕ, ಆ ಕಂಬದ ಬುಡದಲ್ಲಿ, ಸ್ವಲ್ಪ ಆಚೆ, ಸ್ವಲ್ಪ ಈಚೆ. ಎಲ್ಲಿ ಬೀಳಿಸಿದರೂ ಅವನು ಕೈ ಮೇಲೆತ್ತಿ ಸಾಯುತ್ತಿದ್ದ.

ಒಂದು ಮಧ್ಯಾಹ್ನ ನಾನು ಅಂಗಡಿಯಿಂದ ಬೆಲ್ಲ ತರುತ್ತಿದ್ದೆ. ಆಯಿ, ಎಂದರೆ ನಮ್ಮ ತಾಯಿ, ಹಿತ್ತಲ ಬಾಗಿಲಲ್ಲಿ ಮೀನು ಕೊಯ್ಯುತ್ತಿದ್ದಳು. ಅಣ್ಣ ಒಳಗಿನಿಂದ ಹುಚ್ಚು ಹಿಡಿದವನಂತೆ ಓಡಿಬಂದ.

“ತಂಗೀ, ಸಾಯ್ಲಿಲ್ಲ! ಆಯಿ, ಪೋರ ಸಾಯ್ಲಿಲ್ಲ, ನೀರಲ್ಲೇ ನಿಂತ್ಕಂಡಾನೆ, ಬನ್ನಿ!”

ನಾವು ಒಳಗೆ ಹೋಗುವಷ್ಟರಲ್ಲಿ ಕರೆಂಟು ಹೋಯಿತು. ನಮ್ಮ ಕಪ್ಪುಬಿಳುಪು ಟಿವಿಯ ನಡುವೆ ಒಂದು ಚುಕ್ಕೆ ಉಳಿದು ಅದೂ ಆರಿತು. ಎಲ್ಲಿ ಬಿದ್ದ ಎಂದರೆ ಮೂರನೇ ಹಂತದ ಜೋಡಿ ಕಂಬದ ನಡುವೆ ಎಂದ. “ಬುರುಡೆ” ಎಂದೆ ನಾನು. ಅಣ್ಣನಿಗೆ ಕಣ್ಣಲ್ಲಿ ನೀರು ಬಂತು. ಆಯಿ ಮಾತ್ರ ಮೀನಿನ ಕೈಯನ್ನು ಗಾಳಿಯಲ್ಲಿ ಹಿಡಿದುಕೊಂಡೇ, “ಅಂವ ಕಂಡೆ ಅಂದ್ಮೇಲೆ ಕಂಡಾನೆ. ನಿಂಗೆಂತಾ ಹೊಟ್ಟೆಉರಿ?” ಎಂದು ನನ್ನನ್ನೇ ಬೈದಳು. ಮಗನ ಮಾತೆಂದರೆ ಅವಳಿಗೆ ಯಾವಾಗಲೂ ಹಾಗೆಯೇ. ಆಮೇಲೆ ಅಣ್ಣ ಎಷ್ಟು ಹುಡುಕಿದರೂ ಆ ಜಾಗ ಮತ್ತೆ ಸಿಗಲಿಲ್ಲ.

ವರ್ಷಗಳು ಹೋದವು. ಅಣ್ಣನಿಗೆ ಹತ್ತನೇ ಇಯತ್ತೆ ದಾಟಲಾಗಲಿಲ್ಲ. ಕಾರವಾರದ ಬಂದರಿನಿಂದ ಹೊರಡುವ ಬೋಟೊಂದಕ್ಕೆ ಹೋಗತೊಡಗಿದ. ಅವನ ದುಡಿಮೆಯಿಂದಲೇ ಮನೆಗೆ ಕಲರ್ ಟಿವಿ ಬಂತು. ಆ ಹೊತ್ತಿಗೆ ಅವನಿಗೆ ಮೀಸೆ ಬಂದಿತ್ತು, ಆಟ ಆಡಿದರೆ ಗೆಳೆಯರು ನಗುತ್ತಾರೆ ಎಂಬ ನಾಚಿಕೆಯೂ ಬಂದಿತ್ತು. ಗೇಮಿನ ಪೆಟ್ಟಿಗೆ ಅಟ್ಟ ಸೇರಿತು. ನಾನು ಅಂಕೋಲೆಯಲ್ಲಿ ಒಂದು ಬಟ್ಟೆ ಅಂಗಡಿಗೆ ಕೆಲಸಕ್ಕೆ ಸೇರಿದೆ.

ಮಳೆಗಾಲ ಇನ್ನೇನು ಹಿಡಿಯಬೇಕು ಎನ್ನುವ ಸಮಯದಲ್ಲಿ, ಬೋಟುಗಳ ಕೊನೆಯ ಪಾಳಿಯಲ್ಲಿ, ಅಣ್ಣ ಹೋದ. ಬಲೆ ಎಳೆಯುವಾಗ ಅಲೆ ಹೊಡೆದು ಬೋಟು ವಾಲಿತಂತೆ. ಮಿಕ್ಕವರು ಸಾವರಿಸಿಕೊಂಡು ನೋಡುವಾಗ ಅವನಿಲ್ಲ. ಇಷ್ಟೇ ನಮಗೆ ಗೊತ್ತಿರುವುದು. ಬೇರೆ ಬೋಟುಗಳೂ ಬಂದು ಹುಡುಕಿದವು. ಕಾಳಿ ನದಿ ಕಡಲಿಗೆ ಸೇರುವ ದೇವಬಾಗದ ದಂಡೆಗೆ ಏನಾದರೂ ಬಂದು ಬೀಳಬಹುದೆಂದು ಅಪ್ಪ ಅಲ್ಲಿಗೆ ಹೋಗಿ ಕುಳಿತ. ನಾನೂ ಒಮ್ಮೆ ಬುತ್ತಿ ತೆಗೆದುಕೊಂಡು ಹೋದೆ. ಪ್ರವಾಸಕ್ಕೆ ಬಂದ ಯಾರೋ ಗಂಡ ಹೆಂಡತಿ ಅಪ್ಪನ ಕೈಗೆ ಕ್ಯಾಮೆರಾ ಕೊಟ್ಟು ತಮ್ಮ ಫೋಟೋ ತೆಗೆಯಲು ಹೇಳಿದರು. ಅಪ್ಪ ತೆಗೆದುಕೊಟ್ಟ. ಅವರನ್ನು ಕಡಲಿಗೆ ದೂಡಿಬಿಡುವಷ್ಟು ಸಿಟ್ಟು ನನಗೆ ಬಂದಿತ್ತು.

ದೇಹ ಸಿಗಲಿಲ್ಲ. ನಮ್ಮ ಮನೆ ಎರಡಾಗಿ ಒಡೆದದ್ದು ಅಲ್ಲಿಂದ. ಕಡಲಿಗೆ ಹೋದವನ ದೇಹ ಸಿಗದಿದ್ದರೆ ನಮ್ಮಲ್ಲಿ ದರ್ಭೆಯಿಂದ ಒಂದು ಗೊಂಬೆ ಮಾಡಿ, ಅದನ್ನೇ ದೇಹ ಎಂದುಕೊಂಡು ಬೆಂಕಿ ಕೊಟ್ಟು, ಮುಂದಿನ ಕ್ರಿಯೆ ಮಾಡುತ್ತಾರೆ. ಅದಾಗದೆ ಹೋದವನಿಗೆ ದಾರಿ ಇಲ್ಲ ಎನ್ನುತ್ತಾರೆ. ಅಪ್ಪ ಅದನ್ನು ಮಾಡಿಸಬೇಕೆಂದ.

“ಕಡಲಿಗೆ ಬಿದ್ದಂವ ಮೂರು ದಿನಕ್ಕೆ ದಡಕ್ಕೆ ಬರ್ಬೇಕು. ಬರ್ಲಿಲ್ಲ ಅಂದ್ರೆ ಬರೂದಿಲ್ಲ. ನಾ ಹುಟ್ಟಿದಾಗಿಂದ ಕಂಡಂತಾದ್ದು ಇದು.”

ಆಯಿ ಕಡ್ಡಿ ಮುರಿದಂತೆ ಬೇಡವೆಂದಳು. “ಜೀವ ಇದ್ದಂವಂಗೆ ದರ್ಭೆ ಸುಟ್ರೆ ಅಂವ ಎಲ್ಲಿದ್ರೂ ಅಲ್ಲೇ ಬಿದ್ದು ಸಾಯ್ತ. ನನ್ನ ಮಗನ್ನ ನೀವೇ ಕೊಲ್ಬೇಡಿ.” ಅವನಿಗೆ ಈಜು ಬರುತ್ತದೆ. ಯಾವುದೋ ಹಡಗಿನವರು ಎತ್ತಿಕೊಂಡಿದ್ದಾರೆ. ಹಡಗು ಎಲ್ಲೆಲ್ಲಿಗೋ ಹೋಗುತ್ತದೆ, ತಿರುಗಿ ಬರಲು ತಡವಾಗುತ್ತದೆ. ಹಾಗೆ ತಿರುಗಿ ಬಂದ ಒಬ್ಬನ ಕಥೆಯನ್ನು ಅವಳು ಯಾರಿಂದಲೋ ಕೇಳಿದ್ದಳು, ನಮಗೆಲ್ಲ ಬಾಯಿಪಾಠ ಬರುವಷ್ಟು ಸಲ ಹೇಳಿದಳು. ಮೊಬೈಲಿಗೆ ಗೊತ್ತಿಲ್ಲದ ನಂಬರಿನಿಂದ ಮಿಸ್ಡ್ ಕಾಲ್ ಬಂದರೆ ಒದ್ದೆ ಕೈಯಲ್ಲೇ ಓಡುತ್ತಿದ್ದಳು. ನಾನು ತಿರುಗಿ ಮಾಡಿದರೆ ಆಚೆಯಿಂದ ಯಾರೋ ಹಿಂದಿಯಲ್ಲಿ ಬೈಯುತ್ತಿದ್ದರು.

ಜಾತಿಯ ಹಿರಿಯರು ಬಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಿ ಚಹಾ ಕುಡಿದು ಹೋದರು. ನಾನು ಮಾತ್ರ ಬಾಯಿಬಿಟ್ಟು ಅಪ್ಪನ ಪರ ನಿಂತೆ. ನನ್ನದು ಮೂಗಿನ ತುದಿಯ ಕೋಪ. “ಅಂವ ಹೋದ ಆಯಿ, ಹೋದ. ಕ್ರಿಯೆ ಮಾಡ್ಸಿ ಮುಗ್ಸು” ಎಂದು ದಿನ ಬಿಟ್ಟು ದಿನ ಅವಳ ಮೇಲೆ ಕೂಗಾಡುತ್ತಿದ್ದೆ. ಆಯಿ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಒಂದು ಮಹಾಲಯ ಹೋಯಿತು, ಇನ್ನೊಂದೂ ಹೋಯಿತು. ಪಿತೃಗಳಿಗೆ ಎಡೆ ಇಡುವಾಗ ಅಪ್ಪ ಅಣ್ಣನ ಹೆಸರು ಎತ್ತುವಂತಿರಲಿಲ್ಲ, ದೇವರಿಗೆ ಕೈಮುಗಿಯುವಾಗ ಅವನು ಸುಖವಾಗಿರಲಿ ಎನ್ನುವುದಕ್ಕೂ ಅಪ್ಪನಿಗೆ ಬಾಯಿ ಬರುತ್ತಿರಲಿಲ್ಲ. ಸತ್ತವರ ಸಾಲಿನಲ್ಲೂ ಇಲ್ಲ, ಇದ್ದವರ ಸಾಲಿನಲ್ಲೂ ಇಲ್ಲ. ಅಂಥ ಮನೆಯಲ್ಲಿ ಬದುಕುವುದು ಬೇಡವೇ ಬೇಡ ಎನಿಸುತ್ತಿತ್ತು. ಅಂಗಡಿಯಿಂದ ಮನೆಗೆ ಬರುವ ಬಸ್ಸು ಕೆಟ್ಟು ನಿಂತರೆ ನನಗೆ ಸಮಾಧಾನವಾಗುತ್ತಿತ್ತು.

ಅದರ ಮುಂದಿನ ಮಳೆಗಾಲ ಬರುವ ಮುಂಚೆ ಅಪ್ಪ ಹಂಚು ಕೈಯಾಡಿಸಿ ಸರಿಮಾಡಲು ಮಾಡಿನ ಮೇಲೆ ಹತ್ತಿದ. ಒಡೆದ ಹಂಚಿನ ಕೆಳಗಿದ್ದ ಅಟ್ಟದ ಸಾಮಾನು ಕೆಳಗಿಳಿಸುವಾಗ ಗೇಮಿನ ಪೆಟ್ಟಿಗೆ ಸಿಕ್ಕಿತು. ಇಲಿ ವಯರು ಕಡಿದಿತ್ತು. ಏಕೆ ಎಂದು ಯೋಚಿಸದೆಯೇ ಅದನ್ನು ಚೀಲಕ್ಕೆ ಹಾಕಿಕೊಂಡು ಅಂಕೋಲೆ ಪೇಟೆಯ ಟಿವಿ ರಿಪೇರಿಯವನಿಗೆ ಕೊಟ್ಟೆ. “ಇದ್ನ ಈಗ ಯಾರಾಡ್ತಾರೆ?” ಎಂದು ನಗುತ್ತಲೇ ಸರಿಮಾಡಿಕೊಟ್ಟ.

ರಜೆಯ ದಿನ, ಮಳೆ ಹಿಡಿದುಕೊಂಡ ಮಧ್ಯಾಹ್ನ, ಆಯಿ ಪಕ್ಕದ ಮನೆಗೆ ಹೋಗಿದ್ದಾಗ ಅದನ್ನು ಟಿವಿಗೆ ಸಿಕ್ಕಿಸಿದೆ. ಮೊದಲ ಸಲ ಚಿತ್ರ ಬರಲಿಲ್ಲ. ಕ್ಯಾಸೆಟ್ಟು ತೆಗೆದು ಬಾಯಿಯಿಂದ ಊದಿ ಮತ್ತೆ ಹಾಕಿದೆ. ಬಂತು ನೋಡಿ ಆ ಸಂಗೀತ! ನನ್ನ ಹೆಬ್ಬೆರಳಿಗೆ ಎಲ್ಲ ನೆನಪಿತ್ತು. ಎಲ್ಲಿ ಹಕ್ಕಿ ಇಳಿಯುತ್ತದೆ, ಯಾವ ಕಲ್ಲು ಕುಸಿಯುತ್ತದೆ, ಎಲ್ಲಿ ಏಡಿಗಾಗಿ ಒಂದು ಉಸಿರು ಕಾಯಬೇಕು. ಅಣ್ಣ ಹೋದ ಮೇಲೆ ಮೊದಲ ಬಾರಿಗೆ ನಾನು ಬಾಯಿಬಿಟ್ಟು ನಕ್ಕೆ. ಪೋರನ ಚಡ್ಡಿ ಹಸಿರು ಎಂದು ಅಂದೇ ಗೊತ್ತಾಗಿದ್ದು. ಚಿಕ್ಕವರಿದ್ದಾಗ ನಮ್ಮ ಟಿವಿಯಲ್ಲಿ ಬಣ್ಣವಿರಲಿಲ್ಲವಲ್ಲ.

ಮೂರನೇ ಹಂತ ಬಂತು. ನನ್ನ ಕೈ ನಿಂತಿತು.

ಕಲ್ಲುಗಳ ಕೆಳಗೆ ಅಲೆಯಲೆಯಾಗಿ ಏಳುತ್ತಿದ್ದದ್ದು ನೀರಲ್ಲ. ಕೆಂಪು, ಅದರ ತುದಿಯಲ್ಲಿ ಹಳದಿ. ಅದು ಬೆಂಕಿ. ಮೊದಲಿನಿಂದಲೂ ಬೆಂಕಿಯೇ. ಪೋರ ಮುಳುಗಿ ಸಾಯುತ್ತಿರಲಿಲ್ಲ, ಸುಟ್ಟು ಸಾಯುತ್ತಿದ್ದ. ಬಣ್ಣವಿಲ್ಲದ ಪರದೆಯಲ್ಲಿ ಅಲೆ ಕಂಡದ್ದೇ ತಡ ನಾವು ಅದನ್ನು ನೀರು ಎಂದುಕೊಂಡೆವು. ಕಡಲ ದಂಡೆಯಲ್ಲಿ ಹುಟ್ಟಿದ ನಮಗೆ ಏಳುವ ಬೀಳುವ ಗೆರೆಯಲ್ಲಿ ಇನ್ನೇನು ಕಾಣಬೇಕಿತ್ತು? ಇಡೀ ಮಳೆಗಾಲ ಆ ಬೆಂಕಿಯಲ್ಲಿ ಈಜುವ ಜಾಗ ಹುಡುಕಿದ್ದೆವು. ಇದನ್ನು ಹೇಳಿದರೆ ಹೊಟ್ಟೆ ಹಿಡಿದು ನಗುವವನು ಲೋಕದಲ್ಲಿ ಒಬ್ಬನೇ. ಅವನಿಗೆ ಹೇಳಬೇಕೆಂದು ಮನಸ್ಸು ಎದ್ದುನಿಂತಿತು, ನಿಜವಾಗಿಯೂ ಹೊರಗಿನ ಬಾಗಿಲ ಕಡೆಗೆ ತಿರುಗಿದೆ. ಅಣ್ಣ ಇಲ್ಲ ಎನ್ನುವುದು ನನಗೆ ಸರಿಯಾಗಿ ತಾಗಿದ್ದು ಆ ಗಳಿಗೆಯಲ್ಲಿ. ಬೋಟಿನವರು ಬಂದು ಸುದ್ದಿ ಹೇಳಿದ ದಿನವೂ ನಾನು ಅಷ್ಟು ಅತ್ತಿರಲಿಲ್ಲ.

ಆಯಿ ಒಳಗೆ ಬಂದದ್ದು ತಿಳಿಯಲಿಲ್ಲ. ಸೆರಗಿನಿಂದ ತಲೆ ಒರೆಸಿಕೊಳ್ಳುತ್ತ ನನ್ನ ಪಕ್ಕದಲ್ಲಿ ಕುಳಿತಳು. ಪರದೆಯನ್ನೇ ನೋಡಿ, “ಎಲ್ಲದೆ ಅದು?” ಎಂದಳು.

“ಎಂತದು?”

“ಅಂವ ಹೇಳ್ತಿದ್ನಲೆ. ಪೋರ ಬಿದ್ರೂ ಸಾಯ್ಲಿಲ್ಲ ಅಂತ. ಆ ಜಾಗ.”

ಅವಳಿಗೆ ಅದು ನೆನಪಿರುತ್ತದೆ ಎಂದು ನಾನು ಎಣಿಸಿಯೇ ಇರಲಿಲ್ಲ. ಅವಳ ಮುಖ ನೋಡಿದೆ. ಆಟ ನೋಡಲು ಕುಳಿತ ಮುಖವಲ್ಲ. ಭಟ್ಟರು ಕವಡೆ ಹಾಕುವಾಗ ಎದುರು ಕುಳಿತವರ ಮುಖ ಹಾಗಿರುತ್ತದೆ.

“ಅದೆಲ್ಲ ಸುಳ್ಳು ಆಯಿ. ಎದ್ದೇಳು.”

“ಅಲ್ಲೇ ಬೀಳ್ಸು. ನಾ ನೋಡ್ಬೇಕು.”

ಜೋಡಿ ಕಂಬದ ನಡುವೆ ಪೋರನನ್ನು ಬೀಳಿಸಿದೆ. ಕೈ ಮೇಲೆತ್ತಿ ಸತ್ತ. “ಸ್ವಲ್ಪ ಈಚೆ” ಎಂದಳು. ಸತ್ತ. “ಈಗ ಆಚೆ, ಕಂಬ ತಾಗ್ಸು.” ಸತ್ತ. ಮತ್ತೆ ಮೊದಲಿನಿಂದ ಓಡಿ, ಹಾರಿ, ಅಲ್ಲಿಗೆ ಬಂದು, ಮತ್ತೆ ಬೀಳಿಸಿದೆ. ಹೆತ್ತವಳ ಎದುರು ಅವಳ ಮಗನನ್ನು ನನ್ನ ಕೈಯಾರೆ ಮತ್ತೆ ಮತ್ತೆ ಕೊಲ್ಲುತ್ತಿದ್ದೇನೆ ಅನಿಸಿತು. ನಿಲ್ಲಿಸುತ್ತೇನೆ ಎಂದರೆ ಅವಳು ನನ್ನ ಮೊಣಕಾಲು ಹಿಡಿದುಕೊಂಡಳು. ಮಳೆ ಹನಿ ಕಡಿಯದೆ ಹೊಯ್ಯುತ್ತಿತ್ತು. ಎಷ್ಟು ಹೊತ್ತು ಹಾಗೆ ಆಡಿದೆನೋ ತಿಳಿಯದು.

ಆಮೇಲೆ ಒಂದು ಸಲ ಪೋರ ಬಿದ್ದ. ಸಾಯಲಿಲ್ಲ.

ಕಂಬಗಳ ನಡುವೆ ಸೊಂಟದವರೆಗೆ ಆ ಬೆಂಕಿಯಲ್ಲಿ ನಿಂತುಬಿಟ್ಟ. ಸಂಗೀತ ಒಂದೇ ಸ್ವರ ಹಿಡಿದು ಕುಂಯ್ ಎಂದು ಕೂಗತೊಡಗಿತು. ಆಯಿ ಎದ್ದುನಿಂತಳು. “ಕಂಡ್ಯಾ! ಕಂಡ್ಯಾ ಮಗಾ? ಸಾಯ್ಲಿಲ್ಲ! ಅಂವ ಸುಳ್ಳು ಹೇಳಂವ ಅಲ್ಲ!” ಎರಡು ವರ್ಷದ ಹಿಂದಿನ ಆಯಿ ಮರಳಿ ಬಂದಿದ್ದಳು. ಹಲ್ಲು ಕಾಣುವ ಹಾಗೆ ನಗುತ್ತಿದ್ದಳು, ನನ್ನ ಭುಜ ಹಿಡಿದು ಅಲ್ಲಾಡಿಸುತ್ತಿದ್ದಳು.

ನನಗೆ ಅರ್ಥವಾಗಿತ್ತು. ಹಳೇ ಕ್ಯಾಸೆಟ್ಟು ಬಿಸಿಯಾಗಿ ಆಟ ಹ್ಯಾಂಗ್ ಆಗಿತ್ತು. ಗುಂಡಿ ಒತ್ತಿದರೂ ಪೋರ ಅಲುಗಲಿಲ್ಲ. ಅಂದು ಅಣ್ಣ ಒಬ್ಬನೇ ಕುಳಿತು ಕಂಡದ್ದೂ ಇದನ್ನೇ. ಅವನು ಸುಳ್ಳು ಹೇಳಿರಲಿಲ್ಲ. ಆದರೆ ಅಂಥ ಜಾಗವೂ ಇರಲಿಲ್ಲ.

“ನಡ್ಸು ಅವನ್ನ” ಎಂದಳು ಆಯಿ. “ದಡಕ್ಕೆ ತಾ.”

“ಬರೂದಿಲ್ಲ ಆಯಿ.”

“ಎಂತಕೆ ಬರೂದಿಲ್ಲ? ಜೀವ ಅದಲೆ.”

“ಜೀವ ಇಲ್ಲ. ಮಿಷನ್ನು ನಿಂತೋಯ್ತು. ಅದ್ಕೇ ಹಂಗೆ ಕಾಣ್ತದೆ. ಎಂತಾ ಮಾಡಿದ್ರೂ ಅಂವ ಅಲ್ಲೇ.”

ಆಯಿ ಟಿವಿಯ ತೀರ ಹತ್ತಿರ ಹೋಗಿ ಬಗ್ಗಿ ನೋಡಿದಳು. ಕೆಂಪು ಬೆಳಕು ಅವಳ ಮುಖಕ್ಕೆ ಬೀಳುತ್ತಿತ್ತು.

“ಇದು ನೀರಲ್ಲ” ಎಂದಳು.

“ಅಲ್ಲ. ಬೆಂಕಿ.”

“ಎಷ್ಟು ಹೊತ್ತು ಹೀಂಗೆ ನಿಂತಿರ್ತ?”

“ನಾವು ಬಂದ್ ಮಾಡೂವರೆಗೂ.”

ಆ ಕುಂಯ್ ಎನ್ನುವ ಸದ್ದು ತಲೆಯೊಳಗೆ ಹೊಕ್ಕಂತೆ ಆಗುತ್ತಿತ್ತು. ಕೊನೆಗೆ ಆಯಿ ತೀರ ಸಣ್ಣ ದನಿಯಲ್ಲಿ, ನನಗೆ ಹೇಳಿದಂತೆಯೂ ಅಲ್ಲದೆ, “ಇಷ್ಟು ದಿನ ಅವನ್ನ ಹೀಂಗೇ ನಿಲ್ಸಿ ಇಟ್ಟಿದ್ನಾ ನಾನು” ಎಂದಳು. ತಿರುಗಿ, “ಬಂದ್ ಮಾಡು” ಎಂದಳು. ನನ್ನ ಕೈ ಏಳಲಿಲ್ಲ. ಅವಳೇ ಗೋಡೆಯ ಸ್ವಿಚ್ಚು ಆರಿಸಿದಳು.

ಅಪ್ಪ ಜಗಲಿಯಲ್ಲಿ ಮಳೆ ನೋಡುತ್ತ ಕುಳಿತಿದ್ದ. ಆಯಿ ಬಾಗಿಲಲ್ಲಿ ನಿಂತು, ಪೇಟೆಯಿಂದ ಏನೋ ತರಲು ಹೇಳುವ ದನಿಯಲ್ಲೇ ಹೇಳಿದಳು. “ಭಟ್ಟರಿಗೆ ಹೇಳ್ಕಂಡು ಬನ್ನಿ. ಅವಂಗೆ ಮಾಡೂದು ಮಾಡ್ಬಿಡುವ.”

ಅಪ್ಪ ಅವಳ ಮುಖ ನೋಡಿದ. ಎದ್ದು ಒಳಗೆ ಹೋದ.

ಎರಡು ವರ್ಷ ನಾನು ಬಯಸಿದ್ದು ಇದೇ. ಇದಕ್ಕಾಗಿಯೇ ಊಟ ಬಿಟ್ಟು ಕೂಗಾಡಿದ್ದೆ. ಆದರೆ ಆ ಮಾತು ಕೇಳಿದ್ದೇ ಓಡಿಹೋಗಿ ಆಯಿಯ ತೋಳು ಹಿಡಿದುಕೊಂಡೆ.

“ಬೇಡ ಆಯಿ. ಬೇಡ ಅನ್ನು. ಅಪ್ಪಂಗೆ ಬೇಡ ಅಂತ ಹೇಳು.”

“ಇಷ್ಟು ದಿನ ಮಾಡ್ಸು ಮಾಡ್ಸು ಅಂತ ನನ್ನ ಜೀವ ತಿಂದವ್ಳು ನೀನೇ ಅಲ್ದಾ?”

“ಹೇಳ್ತಿದ್ದೆ. ನೀ ಒಪ್ಪೂದಿಲ್ಲ ಅಂತ ಗೊತ್ತಿತ್ತು ನಂಗೆ. ಅದ್ಕೇ ಹೇಳ್ತಿದ್ದೆ.”

ಆಯಿ ನನ್ನ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡು ಒಲೆಯ ಕಡೆಗೆ ಹೋದಳು. ಅಪ್ಪ ಅಷ್ಟರಲ್ಲಿ ಅಂಗಿ ತೊಟ್ಟು, ಕೊಡೆ ಬಿಚ್ಚಿಕೊಂಡು, ಭಟ್ಟರ ಮನೆಯ ದಾರಿ ಹಿಡಿದುಬಿಟ್ಟಿದ್ದ.